ಗೆದ್ದಲು ತಿಂದ ರೆಕ್ಕೆಗೆ ಬದಲಿ: ಹಳೆ ಆರ್‌ಸಿ ವಿಮಾನಕ್ಕೆ ಹೊಸ ರೆಕ್ಕೆ ಕಟ್ಟುವ ಬಗೆ

ಅಟ್ಟದ ಮೇಲೆ ಹನ್ನೊಂದು ವರ್ಷ ಬಿದ್ದಿದ್ದ ನನ್ನ ಟ್ರೈನರ್ ವಿಮಾನವನ್ನು, ಅಂದರೆ ಹಾರಿಸಲು ಕಲಿಯುವವರ ಆರ್‌ಸಿ (ರಿಮೋಟ್‌ನಲ್ಲಿ ಹಾರಿಸುವ) ಮಾಡೆಲ್ ಅನ್ನು, ಕಳೆದ ಬೇಸಿಗೆಯಲ್ಲಿ ಕೆಳಗಿಳಿಸಿದೆ. ಒಡಲನ್ನು ಮೊಳೆಗೆ ನೇತುಹಾಕಿದ್ದೆ, ಅದಕ್ಕೇನೂ ಆಗಿರಲಿಲ್ಲ. ರೆಕ್ಕೆಯನ್ನು ಮಾತ್ರ ಗೋಡೆಗೆ ಒರಗಿಸಿಟ್ಟಿದ್ದೆ. ಎತ್ತಿಕೊಂಡರೆ ಹಗುರ ಅನ್ನಿಸಿತು, ಇರಬೇಕಾದ್ದಕ್ಕಿಂತ ಜಾಸ್ತಿಯೇ ಹಗುರ. ಬೆರಳಿಟ್ಟ ಕಡೆ, ರೆಕ್ಕೆಗೆ ಹೊದಿಸಿದ್ದ ತೆಳು ಪ್ಲಾಸ್ಟಿಕ್ ಫಿಲ್ಮ್ ಒಳಕ್ಕೆ ಕುಸಿಯಿತು, ಸಂದಿಯಿಂದ ಮಣ್ಣು ಉದುರಿತು. ಗೆದ್ದಲು ಎಡಭಾಗವನ್ನು ಪೂರ್ತಿ ಮುಗಿಸಿ ಬಲಭಾಗಕ್ಕೆ ಕೈ ಹಾಕಿತ್ತು.

ಇಷ್ಟು ಹಳೆಯ ಮಾಡೆಲ್‌ಗೆ ಅಂಗಡಿಯಲ್ಲಿ ಬಿಡಿ ರೆಕ್ಕೆ ಸಿಗುವುದಿಲ್ಲ. ಕಟ್ಟಲೇಬೇಕು. ಕಟ್ಟುವುದು ಕಷ್ಟವೂ ಅಲ್ಲ, ಸಂಜೆ ಒಂದೆರಡು ಗಂಟೆ ಕೂತರೆ ಮೂರು ವಾರದ ಕೆಲಸ. ಒಂದೇ ಒಂದು ವಿಷಯ ತಲೆಯಲ್ಲಿರಲಿ: ನೀವು ಕಟ್ಟುತ್ತಿರುವುದು ಬದಲಿ ರೆಕ್ಕೆ. ಅದು ಹಳೆ ಒಡಲಿನ ಮಾತು ಕೇಳಬೇಕು. ಹೇಗೂ ಕಟ್ಟುತ್ತಿದ್ದೇವಲ್ಲ, ಸ್ವಲ್ಪ ಉದ್ದ ಮಾಡೋಣ, ತುದಿಗೆ ಬೇರೆ ಆಕಾರ ಕೊಡೋಣ ಅಂತ ಆಸೆ ಆಗುತ್ತದೆ. ಆಗ ತೂಕ, ಸಮತೋಲ, ಬಾಲದ ಅಳತೆ ಎಲ್ಲವೂ ಹೊಸದಾಗಿ ಲೆಕ್ಕಕ್ಕೆ ಬರುತ್ತವೆ. ಬೇಡ.

ನನ್ನ ವಿಮಾನದ ಅಳತೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. 40 ಸೈಜಿನ ಗ್ಲೋ ಎಂಜಿನ್ (ಮಾಡೆಲ್‌ಗಳಲ್ಲಿ ಬಳಸುವ, ಇಂಧನದಿಂದ ಓಡುವ ಪುಟ್ಟ ಎಂಜಿನ್), ಅಂದರೆ ಸುಮಾರು 6.5 ಸಿಸಿ. ರೆಕ್ಕೆ ಒಡಲಿನ ಮೇಲೆ ಕೂರುತ್ತದೆ, ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟುವುದು. ತುದಿಯಿಂದ ತುದಿಗೆ 1500 ಮಿಮೀ, ಅಗಲ ಉದ್ದಕ್ಕೂ 250 ಮಿಮೀ. ಇಡೀ ವಿಮಾನದ ತೂಕ 2.2 ಕೆಜಿ. ನಿಮ್ಮದು ಬೇರೆಯಿದ್ದರೆ ಅಳತೆ ಬದಲಾಗುತ್ತದೆ, ಕ್ರಮ ಅದೇ.

ಹಳೆ ರೆಕ್ಕೆ ಬಿಸಾಡಬೇಡಿ

ಎಷ್ಟೇ ಹಾಳಾಗಿರಲಿ, ಅದೇ ನಿಮ್ಮ ನಕ್ಷೆ. ಮೊದಲು ಫೋಟೊ ತೆಗೆಯಿರಿ. ಆಮೇಲೆ ನಾಲ್ಕು ಅಳತೆ ಬರೆದುಕೊಳ್ಳಿ: ಒಡಲಿನ ಮೇಲೆ ಕೂರುವ ನಡುಭಾಗದ ಅಗಲ, ರಿಬ್‌ಗಳ (ರೆಕ್ಕೆಯ ಪಕ್ಕೆಲುಬುಗಳ) ನಡುವಿನ ಅಂತರ, ಮುಂದಿನ ಅಂಚಿನಿಂದ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಓಡುವ, ಭಾರ ಹೊರುವ ಮರದ ಪಟ್ಟಿಗೆ) ಇರುವ ದೂರ, ಮತ್ತು ರೆಕ್ಕೆಯ ತುದಿಗಳು ಎಷ್ಟು ಮೇಲಕ್ಕೆದ್ದಿವೆ ಅನ್ನುವುದು. ಈ ಕೊನೆಯದಕ್ಕೆ ಡೈಹೆಡ್ರಲ್ ಅನ್ನುತ್ತಾರೆ. ನಡುಭಾಗವನ್ನು ಮೇಜಿನ ಮೇಲಿಟ್ಟು ಎರಡೂ ತುದಿಗಳ ಎತ್ತರ ಅಳೆಯಿರಿ. ನನ್ನದರಲ್ಲಿ ಒಂದೊಂದು ಕಡೆ 39 ಮಿಮೀ ಇತ್ತು, ಅಂದರೆ 3 ಡಿಗ್ರಿ.

ಇನ್ನು ರಿಬ್. ಹಾಳಾಗದ ಒಂದು ರಿಬ್ ಸಿಕ್ಕರೂ ಸಾಕು. ಫಿಲ್ಮ್ ಬಿಡಿಸಿ, ಬ್ಲೇಡಿನಿಂದ ಮೆಲ್ಲಗೆ ಅಂಟು ಕೊಯ್ದು ಹೊರತೆಗೆಯಿರಿ. ದಪ್ಪ ರಟ್ಟಿನ ಮೇಲಿಟ್ಟು ಚೂಪು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ.

ಒಂದೂ ಉಳಿದಿಲ್ಲವೇ? ರೆಕ್ಕೆಯ ಕೆಳಮೈ ಚಪ್ಪಟೆ ಇದ್ದರೆ ಅದು ಕ್ಲಾರ್ಕ್ ವೈ ಅಥವಾ ಅದರ ತಮ್ಮನೋ ಮಗನೋ ಆಗಿರುವ ಸಾಧ್ಯತೆ ಜಾಸ್ತಿ. ಅಮೆರಿಕದ ವರ್ಜಿನಿಯಸ್ ಕ್ಲಾರ್ಕ್ 1922ರಲ್ಲಿ ರೂಪಿಸಿದ ಆಕಾರ ಅದು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದ ವಿಮಾನದ ರೆಕ್ಕೆಯೂ ಇದೇ. ನಿಧಾನವಾಗಿ ಹಾರುತ್ತದೆ, ಮಣೆಯ ಮೇಲೆ ಕಟ್ಟುವುದೂ ಸುಲಭ. 250 ಮಿಮೀ ಅಗಲಕ್ಕೆ ಅದರ ಅಳತೆ ಹೀಗೆ ಬರುತ್ತದೆ. ಮೂಗಿನ ತುದಿ ಕೆಳಗಿನ ಗೆರೆಯಿಂದ ಸುಮಾರು 9 ಮಿಮೀ ಮೇಲೆ. ಅಲ್ಲಿಂದ 25 ಮಿಮೀ ಹಿಂದೆ ಮೇಲ್ಮೈ ಎತ್ತರ 24 ಮಿಮೀ, 75ರಲ್ಲಿ 29, 150ರಲ್ಲಿ 23, 200ರಲ್ಲಿ 13. ಕೆಳಮೈ ಮೂಗಿನಿಂದ ಬಾಗಿ ಇಳಿದು, 75 ಮಿಮೀಯಿಂದ ಹಿಂದಕ್ಕೆ ನೇರ ಗೆರೆ.

ಇಲ್ಲಿ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ. ಮೇಲೆ ಹೇಳಿದ್ದು ರೆಕ್ಕೆಯ ಹೊರಮೈ ಅಳತೆ. ಅದರ ಮೇಲೆ 1.5 ಮಿಮೀ ಬಾಲ್ಸಾ (ತುಂಬ ಹಗುರವಾದ ಮರ) ಹಾಳೆ ಹೊದಿಸುತ್ತೀರಿ ಅಂದರೆ ರಿಬ್ ಅಷ್ಟು ಚಿಕ್ಕದಾಗಬೇಕು, ಮೇಲೂ ಕೆಳಗೂ. ಹಳೆ ರಿಬ್‌ನಿಂದ ಗೆರೆ ಎಳೆದಿದ್ದರೆ ಈ ಕಡಿತ ಆಗಲೇ ಆಗಿರುತ್ತದೆ, ಮತ್ತೆ ಕಳೆಯಬೇಡಿ.

ಸಾಮಾನು

ಬಾಲ್ಸಾ ಬಹುಪಾಲು ಈಕ್ವೆಡಾರ್‌ನಿಂದ ಬರುವ ಮರ. ಹಾಬಿ ಅಂಗಡಿಯಲ್ಲಿ ಹಲಗೆ ಲೆಕ್ಕದಲ್ಲಿ ಕೊಳ್ಳಬೇಕು. ಎಲ್ಲ ಹಲಗೆಯೂ ನೋಡಲು ಒಂದೇ ಥರ, ತೂಕ ಮಾತ್ರ ಬೇರೆ ಬೇರೆ. ಒಂದು ಮೀಟರ್ ಉದ್ದ, 100 ಮಿಮೀ ಅಗಲ, 2 ಮಿಮೀ ದಪ್ಪದ ಹಲಗೆ 24 ಗ್ರಾಂ ಇರಬಹುದು, 40 ಗ್ರಾಂ ಕೂಡ ಇರಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದುಕೊಂಡು ಪ್ರತಿಯೊಂದರ ಮೇಲೂ ತೂಕ ಬರೆದಿಡಿ. ಒಂದೇ ತೂಕದ ಎರಡೆರಡು ಹಲಗೆ ಜೋಡಿ ಮಾಡಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಈ ಹತ್ತು ನಿಮಿಷದ ಕೆಲಸ ಬಿಟ್ಟವರು ಕೊನೆಗೆ ಹಗುರವಾದ ತುದಿಗೆ ಸೀಸ ಅಂಟಿಸುತ್ತಾರೆ.

ಸ್ಪಾರ್‌ಗೆ ಬಾಲ್ಸಾ ಬೇಡ. ವಿದೇಶದ ನಕ್ಷೆಗಳಲ್ಲಿ ಸ್ಪ್ರೂಸ್ ಅಂತ ಬರೆದಿರುತ್ತದೆ, ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ನಾನು ಯಂತ್ರದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ತಂದು, ಬಡಗಿಯ ಹತ್ತಿರ 6 ಮಿಮೀ ಚೌಕದ ಪಟ್ಟಿ ಸೀಳಿಸಿದೆ. ಹತ್ತು ಪಟ್ಟಿಯಲ್ಲಿ ನಾಲ್ಕು ಆರಿಸಿಕೊಂಡೆ. ಗಂಟು ಇರಬಾರದು. ಮರದ ಎಳೆ ಈ ತುದಿಯಿಂದ ಆ ತುದಿಗೆ ಓಡಬೇಕು, ನಡುವೆ ಪಕ್ಕಕ್ಕೆ ಜಾರಿಹೋಗಬಾರದು.

ಅಂಟು ಮೂರು ಬಗೆ. ರಿಬ್‌ಗೆ ಸಿಎ, ಅಂದರೆ ಫೆವಿಕ್ವಿಕ್ ಜಾತಿಯದು, ತೆಳು ಮತ್ತು ಮಧ್ಯಮ ಎರಡೂ ಇರಲಿ. ಹಾಳೆ ಹೊದಿಸಲು ಬಿಳಿ ಫೆವಿಕಾಲ್. ನಡುವಿನ ಜೋಡಣೆಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್, ಅಂದರೆ ಎಪಾಕ್ಸಿ. ಸಿಎ ಹತ್ತಿ ಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗಿ ಹೊಗೆ ಬರುತ್ತದೆ. ಲುಂಗಿ ಉಟ್ಟು ಕೂತಿದ್ದವನಿಗೆ ಇದು ತೊಡೆಯ ಮೇಲೆ ಗೊತ್ತಾಯಿತು. ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ.

ಕಟ್ಟುವ ಮಣೆಗೆ ಹಳೆ ಫ್ಲಶ್ ಡೋರ್ ಒಳ್ಳೆಯದು. ಅದರ ಮೇಲೆ ಗುಂಡುಸೂಜಿ ಹಿಡಿಯುವ ಸಾಫ್ಟ್ ಬೋರ್ಡ್ ಹಾಸಿ. ಉದ್ದಕ್ಕೂ ಅಡ್ಡಕ್ಕೂ ದಾರ ಬಿಗಿದು ಎಲ್ಲಿ ತಗ್ಗಿದೆ ನೋಡಿ, ಕೆಳಗೆ ರಟ್ಟು ಕೊಟ್ಟು ಸರಿಮಾಡಿ. ಮಣೆ ಸೊಟ್ಟ ಇದ್ದರೆ ರೆಕ್ಕೆ ಸೊಟ್ಟವೇ ಆಗುವುದು. ಆಮೇಲೆ ಯಾವ ಜಾಣತನವೂ ಅದನ್ನು ಪೂರ್ತಿ ನೇರ ಮಾಡುವುದಿಲ್ಲ.

ಸ್ಪಾರ್ ಹೊರುವ ಭಾರ

ಕಟ್ಟುವ ಮೊದಲು ಈ ಲೆಕ್ಕ ಒಮ್ಮೆ ನೋಡಿಬಿಡಿ. ಯಾವ ಜಾಗದಲ್ಲಿ ಸೋಮಾರಿತನ ಮಾಡಬಾರದು ಅಂತ ಇದರಿಂದ ಗೊತ್ತಾಗುತ್ತದೆ.

2.2 ಕೆಜಿಯ ವಿಮಾನ ಡೈವ್‌ನಿಂದ ಜೋರಾಗಿ ಮೇಲೇಳುವಾಗ 5 ಜಿ, ಅಂದರೆ ತೂಕದ ಐದು ಪಟ್ಟು ಭಾರ, ಬಿತ್ತು ಅಂದುಕೊಳ್ಳಿ. ರೆಕ್ಕೆ ಹೊರಬೇಕಾದ್ದು 11 ಕೆಜಿ, ಒಂದೊಂದು ಕಡೆ 5.5 ಕೆಜಿ. ಆ ಭಾರ ಅರ್ಧ ರೆಕ್ಕೆಯ ನಡುವೆ, ಅಂದರೆ ಒಡಲಿನ ನಡುಗೆರೆಯಿಂದ 37.5 ಸೆಂಮೀ ದೂರದಲ್ಲಿ ನಿಂತಂತೆ. ಗುಣಿಸಿದರೆ 206. ಮೇಲಿನ ಸ್ಪಾರ್‌ಗೂ ಕೆಳಗಿನ ಸ್ಪಾರ್‌ಗೂ ನಡುವಿನ ಅಂತರ ಬರೀ 2 ಸೆಂಮೀ. ಭಾಗಿಸಿದರೆ ಸುಮಾರು 100 ಕೆಜಿ.

ಎರಡು ಸಿಮೆಂಟ್ ಮೂಟೆ! ಪೆನ್ಸಿಲ್‌ಗಿಂತ ತೆಳ್ಳಗಿನ ಆ ಪಟ್ಟಿಯನ್ನು ನಡುಭಾಗದಲ್ಲಿ ಅಷ್ಟು ಭಾರ ಅದುಮುತ್ತದೆ. ಕೆಳಗಿನ ಪಟ್ಟಿಯನ್ನು ಅಷ್ಟೇ ಭಾರ ಎಳೆಯುತ್ತದೆ. ಒಳ್ಳೆ ಪೈನ್ ಇದನ್ನು ತಡೆಯುತ್ತದೆ, ಅದೂ ದೊಡ್ಡ ಅಂತರದಿಂದಲ್ಲ. ಬಾಲ್ಸಾ ಆದರೆ ಜಜ್ಜಿಹೋಗುತ್ತದೆ. ತುದಿಯ ಕಡೆ ಹೋದಂತೆ ಭಾರ ಬೇಗ ಇಳಿಯುತ್ತದೆ. ಅದಕ್ಕೇ ಗಟ್ಟಿತನವೆಲ್ಲ ನಡುವಿನ ಮೂರು ಮನೆಗಳಲ್ಲಿ ಇರಬೇಕು, ತುದಿಯಲ್ಲಿ ಅಂಟು ಸುರಿದು ತೂಕ ಹೆಚ್ಚಿಸಬಾರದು. (ಎರಡು ರಿಬ್‌ಗಳ ನಡುವಿನ ಜಾಗಕ್ಕೆ ನಾನು ಮನೆ ಅನ್ನುತ್ತೇನೆ, ಚೌಕಾಬಾರದ ರೂಢಿ.)

ಈ ಎರಡು ಪಟ್ಟಿಗಳನ್ನು ಒಂದೇ ತೊಲೆಯಂತೆ ಕೆಲಸ ಮಾಡಿಸುವುದು ನಡುವಿನ ವೆಬ್, 2 ಮಿಮೀ ಬಾಲ್ಸಾ ತುಂಡು. ಅದರ ಎಳೆ ಲಂಬವಾಗಿರಬೇಕು, ಮೇಲಿನಿಂದ ಕೆಳಕ್ಕೆ. ಅಡ್ಡ ಎಳೆಯ ವೆಬ್ ಹಾಕುವುದು ಸುಲಭ, ಒಂದೇ ಉದ್ದ ಪಟ್ಟಿ ಕತ್ತರಿಸಿದರೆ ಆಯಿತು. ಆದರೆ ಅದು ಎಳೆಯ ಉದ್ದಕ್ಕೇ ಸೀಳುತ್ತದೆ. ಹೇಳಿದರೆ ನಂಬಿಕೆ ಬರದಿದ್ದರೆ ಎರಡು ಬಗೆಯ ಗೇಣುದ್ದದ ತುಂಡು ಮಾಡಿ, ಮೊಣಕಾಲಿಗೆ ಕೊಟ್ಟು ಮುರಿದು ನೋಡಿ.

ರಿಬ್ ಕತ್ತರಿಸುವುದು

ಅರ್ಧ ರೆಕ್ಕೆ 750 ಮಿಮೀ. 75 ಮಿಮೀಗೆ ಒಂದರಂತೆ ಹತ್ತು ಮನೆ, ಹನ್ನೊಂದು ರಿಬ್. ಎರಡೂ ಕಡೆ ಸೇರಿ 22. ರೆಕ್ಕೆಯ ಅಗಲ ಒಂದೇ ಇರುವುದರಿಂದ ಎಲ್ಲವೂ ಒಂದೇ ಅಳತೆ.

3 ಮಿಮೀ ಪ್ಲೈವುಡ್‌ನಲ್ಲಿ ಎರಡು ಅಚ್ಚು ಮಾಡಿ. ಈ ಎರಡಕ್ಕೆ ಒಂದು ಸಂಜೆ ಪೂರ್ತಿ ಕೊಡಿ, ಏಕೆಂದರೆ ಇದರ ತಪ್ಪು 22 ಸಲ ನಕಲಾಗುತ್ತದೆ. 2 ಮಿಮೀ ಬಾಲ್ಸಾದ ಒರಟು ತುಂಡುಗಳನ್ನು ಎರಡು ಅಚ್ಚಿನ ನಡುವೆ ಜೋಡಿಸಿ, ಎರಡು ಬೋಲ್ಟ್ ಹಾಕಿ ಬಿಗಿಯಿರಿ. ಬ್ರೆಡ್ ಸ್ಯಾಂಡ್‌ವಿಚ್ ಥರ. ಮೊದಲು ಬ್ಲೇಡ್, ಆಮೇಲೆ ಮರದ ತುಂಡಿಗೆ ಸುತ್ತಿದ 120ರ ಸ್ಯಾಂಡ್ ಪೇಪರ್. ಪೇಪರ್ ಎರಡೂ ಅಚ್ಚಿಗೆ ತಾಗಿ ಸದ್ದು ಬದಲಾದಾಗ ನಿಲ್ಲಿಸಿ. ಬಾಲ್ಸಾ ಮೇಲೆ ಸುಯ್ ಅನ್ನುತ್ತದೆ, ಪ್ಲೈ ತಾಗಿದರೆ ಕರಕರ.

ಕಟ್ಟು ಬಿಚ್ಚುವ ಮೊದಲೇ ಸ್ಪಾರ್ ಕೂರುವ ಕಚ್ಚುಗಳನ್ನು ಕೊರೆಯಿರಿ, ಮುಂದಿನಿಂದ 75 ಮಿಮೀ ದೂರದಲ್ಲಿ, ಮೇಲೂ ಕೆಳಗೂ. ಸ್ಪಾರ್ ಬೆರಳಿನಿಂದ ಒತ್ತಿದರೆ ಕೂರಬೇಕು, ಸುತ್ತಿಗೆ ಬೇಕಾಗಬಾರದು. ಹಿಂದಿನ 40 ಮಿಮೀ ಏಲೆರಾನ್‌ಗೆ (ವಿಮಾನವನ್ನು ವಾಲಿಸಲು ಮೇಲೆ ಕೆಳಗೆ ಆಡುವ ಪಟ್ಟಿಗೆ) ಬಿಡಬೇಕು, ಹಾಗಾಗಿ ರಿಬ್ ಅದರ ಮುಂದೆಯೇ ಮುಗಿಯುತ್ತದೆ. ಅಕ್ರಿಲಿಕ್ ಬೋರ್ಡ್ ಮಾಡುವ ಲೇಸರ್ ಅಂಗಡಿಯಲ್ಲಿ ಇಷ್ಟನ್ನೂ ಅರ್ಧ ಗಂಟೆಯಲ್ಲಿ ಕತ್ತರಿಸಿಕೊಡುತ್ತಾರೆ. ಕಂಪ್ಯೂಟರ್‌ನಲ್ಲಿ ಗೆರೆ ಎಳೆಯಲು ಬಂದರೆ ಧಾರಾಳವಾಗಿ ಹೋಗಿ.

ಮಣೆಯ ಮೇಲೆ

ಅರ್ಧ ರೆಕ್ಕೆಯ ಪೂರ್ಣ ಗಾತ್ರದ ನಕ್ಷೆ ಬರೆದು ಮಣೆಗೆ ಅಂಟಿಸಿ. ಮೇಲೆ ಬಟರ್ ಪೇಪರ್ ಹಾಸಿ, ಮೇಣದಬತ್ತಿ ಉಜ್ಜಿ. ಇಲ್ಲದಿದ್ದರೆ ರೆಕ್ಕೆ ನಕ್ಷೆಗೇ ಅಂಟಿಕೊಳ್ಳುತ್ತದೆ.

ಕೆಳಗಿನ ಸ್ಪಾರ್ ಇಟ್ಟು ಎರಡೂ ಪಕ್ಕ ಗುಂಡುಸೂಜಿ ಚುಚ್ಚಿ. ಸ್ಪಾರ್‌ಗೇ ಚುಚ್ಚಬೇಡಿ, ಸೀಳುತ್ತದೆ. ರಿಬ್‌ಗಳನ್ನು ಮೂಲೆಮಟ್ಟ ಹಿಡಿದು ಒಂದೊಂದಾಗಿ ನಿಲ್ಲಿಸಿ, ಬುಡಕ್ಕೆ ಒಂದು ಹನಿ ಸಿಎ. ಒಡಲಿನ ಕಡೆಯ ಮೊದಲ ರಿಬ್ ಮಾತ್ರ ನೆಟ್ಟಗೆ ನಿಲ್ಲಬಾರದು, 3 ಡಿಗ್ರಿ ತುದಿಯ ಕಡೆಗೆ ವಾಲಬೇಕು. ರಟ್ಟಿನಲ್ಲಿ ಆ ಕೋನದ ತ್ರಿಕೋನ ಕತ್ತರಿಸಿ ಆನಿಸಿ. ಆಮೇಲೆ ಮೇಲಿನ ಸ್ಪಾರ್, ಮುಂದಿನ ಅಂಚಿನ ಪಟ್ಟಿ, ಹಿಂದಿನ ಅಂಚಿನ ಪಟ್ಟಿ. ತುದಿಯ ಕಡೆಯ ಏಳು ಮನೆಗೆ ವೆಬ್ ಕೂರಿಸಿ. ನಡುವಿನ ಮೂರು ಮನೆ ಈಗ ಖಾಲಿ ಬಿಡಿ, ಅಲ್ಲಿ ಪ್ಲೈವುಡ್ ಬರುತ್ತದೆ.

ಈಗ ಮುಖ್ಯ ಕೆಲಸ. ಮುಂದಿನ ಅಂಚಿನಿಂದ ಸ್ಪಾರ್‌ವರೆಗೆ 1.5 ಮಿಮೀ ಹಾಳೆ ಹೊದಿಸಬೇಕು. ಹಾಳೆಯ ಹೊರಮೈಗೆ ಒದ್ದೆ ಬಟ್ಟೆ ಒರೆಸಿ, ತಾನಾಗೇ ಬಾಗುತ್ತದೆ. ಒಳಮೈಗೆ ಫೆವಿಕಾಲ್. ಸ್ಪಾರ್ ಮೇಲೆ ಮೊದಲು ಕೂರಿಸಿ, ಮುಂದಕ್ಕೆ ಸವರುತ್ತಾ ಹೋಗಿ, ಸೂಜಿ ಮತ್ತು ಬಟ್ಟೆ ಕ್ಲಿಪ್ ಹಾಕಿ ಬಿಡಿ. ರೆಕ್ಕೆ ಮಣೆಗೆ ಬಿಗಿದಿರುವಾಗಲೇ ಇದನ್ನು ಮಾಡಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಸಾಲುವುದಿಲ್ಲ, ಎರಡು ರಾತ್ರಿ ಕೊಡಿ.

ಕೆಳಗಿನ ಹಾಳೆಗೆ ಒಂದು ಉಪಾಯ ಇದೆ. ಕ್ಲಾರ್ಕ್ ವೈ ಮೂಗಿನ ಕೆಳಗೆ ಬಾಗಿರುತ್ತದೆ, ಮಣೆಯ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ರೆಕ್ಕೆಯನ್ನು ಬಿಡಿಸಿ, ಮೂಗು ಮಣೆಯ ಅಂಚಿನಿಂದ ಆಚೆ ಚಾಚುವಂತೆ ಸರಿಸಿ. ಸ್ಪಾರ್‌ನಿಂದ ಹಿಂದಿನ ಭಾಗದ ಮೇಲೆ ಸಾಲಾಗಿ ಪುಸ್ತಕ ಹೇರಿ. ಈಗ ಕೆಳಗಿಂದ ಹಾಳೆ ಅಂಟಿಸಬಹುದು. ಮೇಲೆ ಕೆಳಗೆ ಹಾಳೆ, ಹಿಂದೆ ವೆಬ್, ಮೂರೂ ಸೇರಿ ಕೊಳವೆಯಾಯಿತು. ತಿರುಚಲು ಹೋದರೆ ಇನ್ನು ಬಗ್ಗುವುದಿಲ್ಲ. ಅಂಟು ಒಣಗುವ ಹೊತ್ತಿಗೆ ರೆಕ್ಕೆ ನೇರ ಇತ್ತೋ, ಆಯುಷ್ಯಪೂರ್ತಿ ನೇರ. ಸೊಟ್ಟ ಇತ್ತೋ, ಅದೂ ಆಯುಷ್ಯಪೂರ್ತಿ.

ಉಳಿದ ರಿಬ್‌ಗಳ ಮೇಲೆ 6 ಮಿಮೀ ಅಗಲದ 1.5 ಮಿಮೀ ಪಟ್ಟಿ ಅಂಟಿಸಿ. ಇನ್ನೊಂದು ಅರ್ಧಕ್ಕೆ ನಕ್ಷೆಯನ್ನು ಮಗುಚಬೇಕು. ನಗಬೇಡಿ, ಎರಡು ಎಡ ರೆಕ್ಕೆ ಕಟ್ಟಿದವರು ನಾನೊಬ್ಬನೇ ಅಲ್ಲ. ಮುಗಿದ ಮೇಲೆ ಎರಡನ್ನೂ ತೂಗಿ. ವ್ಯತ್ಯಾಸ 5 ಗ್ರಾಂ ಒಳಗಿದ್ದರೆ ಖುಷಿಪಡಿ.

ಎರಡು ಅರ್ಧ ಸೇರಿಸುವುದು

3 ಮಿಮೀ ಬರ್ಚ್ ಪ್ಲೈನಲ್ಲಿ ಅಗಲಿಸಿದ ವಿ ಆಕಾರದ ಎರಡು ತುಂಡು ಕತ್ತರಿಸಿ. ಒಂದೊಂದು ಕಡೆ ಮೂರು ಮನೆ ಒಳಕ್ಕೆ ಹೋಗುವಷ್ಟು ಉದ್ದ. ತುದಿ ಚೌಕಾಕಾರ ಬೇಡ, ಸಣ್ಣಗಾಗುತ್ತಾ ಹೋಗಲಿ. ಗಟ್ಟಿ ಪ್ಲೈ ಒಮ್ಮೆಲೇ ಮುಗಿದ ಜಾಗದಲ್ಲೇ ಸ್ಪಾರ್ ಮುರಿಯುವುದು. ಸ್ಪಾರ್‌ಗಳ ಮುಂದೆ ಒಂದು, ಹಿಂದೆ ಒಂದು, ರಿಬ್‌ನಲ್ಲಿ ಅದಕ್ಕೆ ಸೀಳು ಮಾಡಿ. ನಡುವೆ ಉಳಿದ ಜಾಗಕ್ಕೆ ಲಂಬ ಎಳೆಯ ಬಾಲ್ಸಾ ತುಂಬಿ.

ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಒಂದು ಅರ್ಧ ಮಣೆಗೆ ಚಪ್ಪಟೆ, ಇನ್ನೊಂದರ ತುದಿ ಮೇಲಕ್ಕೆ. ಎಷ್ಟು ಮೇಲಕ್ಕೆ? 39 ಅಲ್ಲ. ಒಂದು ಕಡೆ ಪೂರ್ತಿ ಮಲಗಿರುವುದರಿಂದ ಎರಡೂ ಕಡೆಯ ಕೋನ ಈ ಒಂದರಲ್ಲೇ ಬರುತ್ತದೆ, 78 ಮಿಮೀ. ಇದನ್ನು ಮರೆತರೆ ಡೈಹೆಡ್ರಲ್ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಸರಿಹೋದ ಮೇಲೆ ಅರಾಲ್ಡೈಟ್ ಸವರಿ ಸೇರಿಸಿ, ಒಂದು ದಿನ ಮುಟ್ಟಬೇಡಿ.

ನಡುಭಾಗಕ್ಕೆ ಮೇಲೂ ಕೆಳಗೂ ಹಾಳೆ ಹೊದಿಸಿ, ಜೋಡಣೆಯ ಸುತ್ತ 50 ಮಿಮೀ ಅಗಲದ ಫೈಬರ್‌ಗ್ಲಾಸ್ ಬಟ್ಟೆಯನ್ನು ಎಪಾಕ್ಸಿ ಹಾಕಿ ಸುತ್ತಿ. ಜಾಸ್ತಿ ಅಂಟನ್ನು ಹಳೆ ಎಟಿಎಂ ಕಾರ್ಡ್‌ನಿಂದ ಕೆರೆದು ತೆಗೆಯಿರಿ. ರಬ್ಬರ್ ಬ್ಯಾಂಡ್ ಕೂರುವ ಹಿಂದಿನ ಅಂಚಿಗೆ ತೆಳು ಪ್ಲೈ ಅಂಟಿಸಿ, ಇಲ್ಲದಿದ್ದರೆ ಬ್ಯಾಂಡ್ ಬಾಲ್ಸಾವನ್ನು ಕೊಯ್ಯುತ್ತದೆ.

ಈಗ ಪರೀಕ್ಷೆ. ರೆಕ್ಕೆಯನ್ನು ಎರಡು ಸ್ಟೂಲ್‌ಗಳ ಮೇಲೆ ತುದಿಯ ರಿಬ್ ಆನುವಂತೆ ಇಡಿ, ನಡುವೆ ನಾಲ್ಕೂವರೆ ಕೆಜಿ ರಾಗಿ ಚೀಲ ಇಡಿ. ತುದಿಗಳಲ್ಲಿ ಹಿಡಿದು ನಡುವೆ ಹೇರಿದರೆ ಬಾಗುವ ಒತ್ತಡ ದುಪ್ಪಟ್ಟು, ಹಾಗಾಗಿ ಇದು ಆಕಾಶದಲ್ಲಿ 4 ಜಿಗೆ ಸಮ. ರೆಕ್ಕೆ ಬಾಗುತ್ತದೆ, ಬಾಗಲಿ. ಚಿಟ್ ಅಂದರೆ ಮಾತ್ರ ಕಿವಿ ಕೊಡಿ, ಯಾವುದೋ ಅಂಟು ಬಿಟ್ಟಿದೆ. ಫಿಲ್ಮ್ ಹೊದಿಸುವ ಮೊದಲೇ ಇದನ್ನು ಮಾಡಿ. ಮನೆಯವರಿಗೆ ರಾಗಿ ಯಾಕೆ ಬೇಕು ಅಂತ ವಿವರಿಸಲು ನನಗೆ ಕಟ್ಟಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಏಲೆರಾನ್, ಸರ್ವೊ, ಫಿಲ್ಮ್

ಬದಲಾವಣೆ ಬೇಡ ಅಂದೆ, ಒಂದಕ್ಕೆ ವಿನಾಯಿತಿ. ಹಳೆ ರೆಕ್ಕೆಯಲ್ಲಿ ನಡುವೆ ಒಂದೇ ಸರ್ವೊ (ಏಲೆರಾನ್ ಆಡಿಸುವ ಪುಟ್ಟ ಮೋಟಾರ್), ಅಲ್ಲಿಂದ ಎರಡೂ ಕಡೆ ಬಾಗಿಸಿದ ತಂತಿ. ಸವೆದ ಮೇಲೆ ಲೊಡಲೊಡ ಅನ್ನುತ್ತದೆ. ಈಗ ಸಣ್ಣ ಸರ್ವೊ ಅಗ್ಗ. ಒಂದೊಂದು ಕಡೆಗೆ ಒಂದು ಹಾಕಿ, ರಿಬ್‌ನಲ್ಲಿ ತೂತು ಮಾಡಿ ಕಾಗದದ ಕೊಳವೆ ತೂರಿಸಿ ವೈರ್ ಎಳೆಯಿರಿ. ವೈ ಕೇಬಲ್‌ನಲ್ಲಿ ಸೇರಿಸುವುದಾದರೆ ಎರಡು ಸರ್ವೊಗಳನ್ನೂ ಕನ್ನಡಿಯ ಬಿಂಬದಂತೆ ಕೂರಿಸಬೇಕು. ಆಗ ಒಂದು ಏಲೆರಾನ್ ಮೇಲೆ ಹೋದರೆ ಇನ್ನೊಂದು ತಾನಾಗೇ ಕೆಳಗೆ ಬರುತ್ತದೆ. ಏಲೆರಾನ್‌ಗೆ 10 ಮಿಮೀ ದಪ್ಪದ, ಹಿಂದಕ್ಕೆ ಚೂಪಾದ ಬಾಲ್ಸಾ ಪಟ್ಟಿ. ಮೊದಲಿಗೆ 10 ಮಿಮೀ ಮೇಲೆ, 7 ಮಿಮೀ ಕೆಳಗೆ ಆಡಿದರೆ ಸಾಕು.

ಫಿಲ್ಮ್ ಹಾಕುವ ಮೊದಲು 240ರ ಪೇಪರ್‌ನಲ್ಲಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಮೊದಲು ಕೆಳಮೈ, ಆಮೇಲೆ ಮೇಲ್ಮೈ. ಇಸ್ತ್ರಿಪೆಟ್ಟಿಗೆಗೆ ಹಳೆ ಹತ್ತಿ ಕಾಲುಚೀಲ ತೊಡಿಸಿ. ಮೊದಲು ಕಡಿಮೆ ಬಿಸಿಯಲ್ಲಿ ಅಂಚುಗಳನ್ನಷ್ಟೇ ಹಿಡಿಸಿ, ನಂತರ ಬಿಸಿ ಹೆಚ್ಚಿಸಿ ನಡುವಿನ ಸುಕ್ಕು ಎಳೆಯಿರಿ. ಒಂದೇ ಮೈಯನ್ನು ಪೂರ್ತಿ ಬಿಗಿಯಬೇಡಿ, ರೆಕ್ಕೆ ಆ ಕಡೆಗೆ ಸೆಳೆಯುತ್ತದೆ. ಕೊನೆಗೆ ಮಣೆಯ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ. ಒಂದು ಮೂಲೆ ಎದ್ದಿದ್ದರೆ ಎದುರು ದಿಕ್ಕಿಗೆ ತಿರುಚಿ ಹಿಡಿದು ಮತ್ತೆ ಬಿಸಿ ಕೊಡಿ. ಗ್ಲೋ ಎಂಜಿನ್ ಆದರೆ ಒಡಲಿನ ಮೇಲೆ ಬರುವ ಅಂಚುಗಳಿಗೆ ಎಪಾಕ್ಸಿ ಸವರಿ, ಎಣ್ಣೆ ಒಳಗೆ ಹೋದರೆ ಬಾಲ್ಸಾ ಬತ್ತಿಯಂತೆ ಹೀರುತ್ತದೆ.

ಮೈದಾನಕ್ಕೆ ಮುಂಚೆ, ಮೈದಾನದಲ್ಲಿ

ರೆಕ್ಕೆಯನ್ನು ಒಡಲಿಗೆ ಕಟ್ಟಿ, ಎರಡೂ ತುದಿಯಿಂದ ಬಾಲದ ನಡುವಿಗೆ ದಾರ ಹಿಡಿದು ಅಳೆಯಿರಿ. 3 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸರಿಹೋದ ಜಾಗದಲ್ಲಿ ರೆಕ್ಕೆಗೂ ಒಡಲಿಗೂ ಸೇರಿಸಿ ಪೆನ್ನಿನಲ್ಲಿ ಗುರುತು ಹಾಕಿ. ಟ್ಯಾಂಕ್ ಖಾಲಿ ಇರುವಾಗ ಸಮತೋಲದ ಬಿಂದು ಮುಂದಿನ ಅಂಚಿನಿಂದ 65ರಿಂದ 70 ಮಿಮೀ ಒಳಗೆ ಬರಬೇಕು. ಬರದಿದ್ದರೆ ಬ್ಯಾಟರಿ ಸರಿಸಿ. ಆಮೇಲೆ ಎಂಜಿನ್ ಶಾಫ್ಟ್ ಮತ್ತು ಬಾಲದಲ್ಲಿ ಹಿಡಿದೆತ್ತಿ, ಯಾವ ರೆಕ್ಕೆ ಇಳಿಯುತ್ತದೆ ನೋಡಿ.

ಹಾರಿಸುವ ಜಾಗ ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಹಸಿರು ವಲಯದಲ್ಲಿದೆಯೇ ಅಂತ ಮೊದಲೇ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳು ಮಾಡೆಲ್ ವಿಮಾನಗಳಿಗೂ ಅನ್ವಯಿಸುತ್ತವೆ. ಬೆಳಗಿನ ಜಾವ, ಗಾಳಿ ಏಳುವ ಮೊದಲು ಹೋಗಿ. ಹತ್ತು ಹನ್ನೆರಡು ಹೊಸ ರಬ್ಬರ್ ಬ್ಯಾಂಡ್ ಹಾಕಿ, ಕೊನೆಯ ಎರಡು ಅಡ್ಡಡ್ಡ. ನಟ್ ಬೋಲ್ಟ್ ಹಾಕಿ ಬಿಗಿ ಮಾಡೋಣ ಅನ್ನಿಸಬಹುದು. ಆದರೆ ರೆಕ್ಕೆ ಬೇಲಿಗೆ ತಾಗಿದಾಗ ಬ್ಯಾಂಡ್ ಜಾರಿಕೊಂಡು ರೆಕ್ಕೆಯನ್ನು ಉಳಿಸುತ್ತದೆ, ಬೋಲ್ಟ್ ಉಳಿಸುವುದಿಲ್ಲ.

ನನ್ನದು ಮೇಲೆದ್ದ ತಕ್ಷಣ ಎಡಕ್ಕೆ ವಾಲಿತು. ಟ್ರಿಮ್ (ಏಲೆರಾನ್ ಸ್ಥಾನವನ್ನು ತುಸು ಹೊಂದಿಸುವ ರಿಮೋಟ್‌ನ ಗುಂಡಿ) ಮೂರು ಕ್ಲಿಕ್ ಬಲಕ್ಕೆ ಕೊಟ್ಟೆ, ನೇರವಾಯಿತು. ಅಲ್ಲಿಗೆ ಬಿಡಬೇಡಿ. ಎತ್ತರಕ್ಕೆ ಹೋಗಿ ವೇಗ ಇಳಿಸಿ ನೋಡಿ. ನಿಧಾನದಲ್ಲೂ ನೇರ ಇದ್ದರೆ ರೆಕ್ಕೆಯಲ್ಲಿ ಸಣ್ಣ ತಿರುಚು ಇದೆ ಅಂತ ಅರ್ಥ. ತಿರುಚೂ ಏಲೆರಾನೂ ಎರಡೂ ಗಾಳಿಯ ಬಲದಲ್ಲೇ ಕೆಲಸ ಮಾಡುವುದರಿಂದ ಯಾವ ವೇಗದಲ್ಲೂ ಒಂದನ್ನೊಂದು ಸರಿದೂಗಿಸುತ್ತವೆ. ನಿಧಾನವಾದಾಗ ಮತ್ತೆ ಎಡ ಇಳಿದರೆ ಅದು ತೂಕದ ತಪ್ಪು. ತೂಕ ವೇಗ ಇಳಿದರೂ ಅಷ್ಟೇ ಇರುತ್ತದೆ, ಏಲೆರಾನ್‌ನ ಬಲ ಕುಗ್ಗುತ್ತದೆ. ನನ್ನದು ಎರಡನೆಯದು. ಬಲ ತುದಿಗೆ ಹತ್ತು ಗ್ರಾಂ ವಾಷರ್ ಅಂಟಿಸಿದ ಮೇಲೆ ಟ್ರಿಮ್ ನಡುವಿಗೆ ವಾಪಸ್ ಬಂತು.

ಮನೆಗೆ ಬಂದ ಮೇಲೆ ಬ್ಯಾಂಡ್‌ಗಳನ್ನು ರೆಕ್ಕೆಯಲ್ಲೇ ಬಿಡಬೇಡಿ. ಎಣ್ಣೆ ಒರೆಸಿ, ಟಾಲ್ಕಂ ಪೌಡರ್ ಹಾಕಿದ ಡಬ್ಬಿಯಲ್ಲಿ ಅಲುಗಿಸಿ ಮುಚ್ಚಿಡಿ. ರೆಕ್ಕೆಯನ್ನು ಸೂರಿಗೆ ಎರಡು ಕುಣಿಕೆಯಲ್ಲಿ ನೇತುಹಾಕಿ, ಗೋಡೆಯಿಂದ ಒಂದು ಗೇಣು ದೂರ.